ಎದುರು ಮನೆಯ ಬಾಗಿಲಿಗೆ ನಾನು ಬಿಟ್ಟ ರಂಗೋಲಿ

ಎದುರು ಮನೆಯ ಅತ್ತೆ ಸೊಸೆ ಇಬ್ಬರನ್ನೂ ಎರಡು ದಿನ ಹೊಟ್ಟೆಗಿಲ್ಲದೆ ಕೆಡವಿದ್ದು ಸರ್ಕಾರವಲ್ಲ, ಹೊಸ ಜ್ವರವೂ ಅಲ್ಲ. ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಜ್ವರದ ಮಾತು ಬಂದಾಗಲೆಲ್ಲ ನನ್ನ ಮಕ್ಕಳು ನೆಂಟರ ಮುಂದೆ ‘ನಮ್ಮಮ್ಮ ಆಗ ಎದುರು ಮನೆಯವರನ್ನು ಉಳಿಸಿದಳು’ ಎಂದು ಹೇಳಿಕೊಳ್ಳುತ್ತಾರೆ. ಅವರು ಉಳಿದದ್ದು ನಿಜ. ಆದರೆ ನನ್ನ ಕೈಯಲ್ಲಿ ಸಿಕ್ಕಿಯೂ ಉಳಿದರು ಅನ್ನಬೇಕು.

ಆಗ ನಾವು ಮೈಸೂರಿನ ಲಕ್ಷ್ಮೀಪುರಂ ಕಡೆ ಒಂದು ಸಣ್ಣ ಬೀದಿಯಲ್ಲಿದ್ದೆವು. ದೇಶದಾಚೆ ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಜ್ವರ ರೈಲಿನಲ್ಲಿ ಬಂತು ಎಂದರು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ನಮ್ಮ ನಾಲಿಗೆಗೆ ತಿರುಗದೆ ಹೊಸ ಜ್ವರ ಎಂದೇ ಕರೆದೆವು. ಸ್ಕೂಲುಗಳಿಗೆ ಬೀಗ ಬಿತ್ತು. ಒಂದು ಬೆಳಿಗ್ಗೆ ಡಂಗುರದವನು ಬೀದಿಯ ತಿರುವಿನಲ್ಲಿ ನಿಂತು ಸಾರಿದ: ಗುಂಪು ಸೇರಬಾರದು, ಸಂತೆಗೆ ಹೋಗಬಾರದು, ಕಿಟಕಿ ತೆರೆದಿಡಬೇಕು, ಯಾರಿಗೆ ಜ್ವರ ಬಂದರೂ ತಿಳಿಸಬೇಕು, ಜ್ವರ ಬಂದವರನ್ನು ಪ್ರತ್ಯೇಕವಾಗಿ ಇಡಬೇಕು. ಮೊದಲ ನಾಲ್ಕು ಅರ್ಥವಾದವು, ಆದ್ದರಿಂದ ಯಾರೂ ಗಮನ ಕೊಡಲಿಲ್ಲ. ಕೊನೆಯದು ಅರ್ಥವಾಗಲಿಲ್ಲ, ಅದಕ್ಕೇ ಎಲ್ಲರೂ ಹೆದರಿದೆವು.

ಪ್ರತ್ಯೇಕ ಎನ್ನುವುದು ನಾವು ಆಡುವ ಮಾತಾಗಿರಲಿಲ್ಲ. ನಾನು ಓದಿದ ಎರಡನೇ ಕ್ಲಾಸಿನಲ್ಲಿ ಅದು ಬಂದಿರಲೂ ಇಲ್ಲ. ಅರ್ಥ ಹೇಳಿದವಳು ದಟ್ಟಗಳ್ಳಿಯಿಂದ ದಿನಾ ಮೊಸರು ಹೊತ್ತು ತರುತ್ತಿದ್ದವಳು.

“ಪ್ರತ್ಯೇಕ ಅಂದ್ರೆ ಊರಾಚೆ ಕಣವ್ವ. ಬನ್ನಿಮಂಟಪದ ಬಯಲಲ್ಲಿ ಜೋಪಡಿ ಎಬ್ಬುಸ್ತಾವ್ರಂತೆ. ಜರ ಬಂದೋರ್ನ ಗಾಡಿಗೆ ಏರ್ಕೊಂಡು ಅಲ್ಲಿಗೆ ತಳ್ಳೋದಂತೆ.”

“ನೀನು ಕಂಡ್ಯಾ?”

“ನಾನ್ಯಾಕೆ ಅತ್ಲಾಗೆ ಓಗ್ಲಿ? ಕಂಡೋರು ಯೋಳುದ್ರು.”

“ಯಾರು ಕಂಡೋರು?”

“ಅಯ್ಯೋ, ಮೊಸರು ತಗತೀರೋ, ಸಾಕ್ಷಿ ಕೇಳ್ತೀರೋ?”

ಮೊಸರು ತೆಗೆದುಕೊಂಡೆ. ಮಾತನ್ನೂ ತೆಗೆದುಕೊಂಡೆ. ನಂಬುವುದಕ್ಕೆ ನನಗೆ ಕಾರಣವಿತ್ತು. ಪ್ಲೇಗಿನ ಕಾಲದಲ್ಲಿ, ನಾನಿನ್ನೂ ಲಂಗ ಉಟ್ಟುಕೊಂಡು ಓಡಾಡುತ್ತಿದ್ದಾಗ, ಸರ್ಕಾರದವರು ನನ್ನ ತವರು ಮನೆಯ ಹೆಂಚು ಬಿಚ್ಚಿ ಒಳಗೆ ಬಿಸಿಲು ಬಿಟ್ಟಿದ್ದರು. ಅಜ್ಜಿಯನ್ನು ಗಾಡಿಯಲ್ಲಿ ಮಲಗಿಸಿ ಊರಾಚೆಯ ಜೋಪಡಿಗೆ ಕರೆದುಕೊಂಡು ಹೋಗಿದ್ದರು. ಹೋದದ್ದನ್ನು ಕಂಡೆ, ಬಂದದ್ದನ್ನು ಕಾಣಲಿಲ್ಲ. ಅವಳಿಗೆ ವಯಸ್ಸಾಗಿತ್ತು, ಕಂಕುಳಲ್ಲಿ ಗಡ್ಡೆ ಎದ್ದಿತ್ತು, ಮನೆಯಲ್ಲಿದ್ದರೂ ಉಳಿಯುತ್ತಿರಲಿಲ್ಲ. ಮಕ್ಕಳಿಗೆ ಅದೆಲ್ಲ ಹೊಳೆಯುವುದಿಲ್ಲ. ಸರ್ಕಾರ ಬಾಗಿಲಿಗೆ ಬಂದರೆ ಮನೆಯಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಎಂದಷ್ಟೇ ತಲೆಯಲ್ಲಿ ಉಳಿಯಿತು.

ಡಂಗುರವಾದ ಮೇಲೆ ಸ್ಕೂಲಿನ ಮೇಷ್ಟ್ರೊಬ್ಬರು, ಅವರ ಜೊತೆ ಒಬ್ಬ ಗುಮಾಸ್ತರು, ಯಾರಿಗೆ ಜ್ವರ ಬಂದಿದೆ ಎಂದು ನೋಡಲು ದಿನಾ ಬೆಳಿಗ್ಗೆ ಬೀದಿ ಸುತ್ತತೊಡಗಿದರು. ಎಲ್ಲ ಮನೆಗೂ ಹೋಗುತ್ತಿರಲಿಲ್ಲ. ಬಾಗಿಲ ಮುಂದೆ ರಂಗೋಲಿ ಇದ್ದರೆ ಮುಂದಕ್ಕೆ ಹೋಗುವರು, ಇಲ್ಲದಿದ್ದರೆ ಕದ ತಟ್ಟುವರು. ಎರಡೇ ದಿನದಲ್ಲಿ ಹೆಂಗಸರಿಗೆ ಗುಟ್ಟು ತಿಳಿದುಹೋಯಿತು. ಮನೆಯೊಡತಿ ನಡೆದಾಡುವ ಹಾಗಿದ್ದರೆ ಬಾಗಿಲು ಬೋಳಾಗಿರುವುದಿಲ್ಲ. ಬೋಳಾಗಿದ್ದರೆ ಒಂದೋ ಸೂತಕ, ಇಲ್ಲವೇ ಆಕೆ ಮಲಗಿದ್ದಾಳೆ. ಅವತ್ತಿನಿಂದ ನಮ್ಮ ಬೀದಿಯ ಅಂದ ನೋಡಬೇಕಿತ್ತು! ವರ್ಷವೆಲ್ಲ ಎರಡೆಳೆ ಎಳೆದು ಕೈ ಒರೆಸಿಕೊಳ್ಳುತ್ತಿದ್ದವರು ಇಪ್ಪತ್ತೊಂದು ಚುಕ್ಕಿ ಇಟ್ಟು ತಾವರೆ ಅರಳಿಸಿದರು. ಮೈ ಸುಡುತ್ತಿದ್ದವರೂ ಗೋಡೆ ಹಿಡಿದು ಎದ್ದು ಬಂದು, ರಂಗೋಲಿ ಬಿಟ್ಟು, ಮತ್ತೆ ಹೋಗಿ ಮಲಗುತ್ತಿದ್ದರು.

ಬೋಳಾಗಿ ಉಳಿದದ್ದು ಮೂಲೆಮನೆಯೊಂದೇ. ಅವರು ಚರ್ಚಿಗೆ ಹೋಗುವವರು, ನಮ್ಮೆಲ್ಲರಿಗಿಂತ ಹಳಬರು. ಆ ಮನೆಯ ಅಜ್ಜಿ ದಿನಾ ಬಾಗಿಲು ಗುಡಿಸಿ ನೀರು ಹಾಕುತ್ತಿದ್ದರು, ರಂಗೋಲಿ ಅವರಲ್ಲಿ ಇಲ್ಲ. ಹಾಗಾಗಿ ಮೇಷ್ಟ್ರು ದಿನಾ ಅಲ್ಲಿ ಕದ ತಟ್ಟುವರು. ಪಾಪ, ಮೊದಲ ಗಾಡಿಗೆ ಇವರನ್ನೇ ಏರಿಸುತ್ತಾರೆ ಎಂದು ನಾವೆಲ್ಲ ಮರುಗಿದೆವು. ನಾನಂತೂ ಹೋಗಿ ಹೇಳಿಯೇ ಬಂದೆ:

“ಅಜ್ಜಿ, ನಿಮ್ಮ ಬಾಗ್ಲಿಗೂ ಎರಡೆಳೆ ಎಳೆದುಬುಡ್ಲಾ? ನಿಮ್ಮ ದೇವ್ರು ಬೇಜಾರು ಮಾಡ್ಕೊಳಲ್ಲ ಅಂದ್ರೆ.”

“ಬೇಡ ಕಣೇ. ಮೇಷ್ಟ್ರು ಬಂದು ಚೆನ್ನಾಗಿದ್ದೀರಾ ಅಂತ ಮಾತಾಡ್ಸ್ತಾರೆ. ನನ್ನ ಮಗ ಸೊಸೆ ಅದನ್ನೂ ಕೇಳಲ್ಲ.”

ತಿಳಿವಳಿಕೆ ಇಲ್ಲದ ಮುದುಕಿ ಎಂದುಕೊಂಡು ಬಂದೆ.

ಎದುರು ಮನೆಯಲ್ಲಿ ಇದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಮಗ ರೈಲ್ವೆ ಕೆಲಸಕ್ಕೆ ಅರಸೀಕೆರೆಯಲ್ಲಿದ್ದ. ಸೊಸೆ ಇನ್ನೂ ಚಿಕ್ಕವಳು. ಅವಳು ಬಿಡುತ್ತಿದ್ದ ರಂಗೋಲಿಯನ್ನು ತುಳಿಯಲು ಹಾಲಿನವನೂ ಹಿಂಜರಿಯುತ್ತಿದ್ದ. ಒಂದು ಮಧ್ಯಾಹ್ನ ಅವಳು ಹಿತ್ತಲ ಕಡೆಯಿಂದ ಬಂದು ಪಿಸುಗುಟ್ಟಿದಳು.

“ಅಕ್ಕಾ, ಅತ್ತೆಗೆ ಮೈ ಕಾದದೆ. ಯಾರ್ಗೂ ಹೇಳ್ಬೇಡಿ. ಜೋಪಡಿಗೆ ಕಳ್ಸುದ್ರೆ ಬಾವಿಗೆ ಬೀಳ್ತೀನಿ ಅಂತ ಹಟ ಹಿಡ್ದವ್ರೆ.”

“ನಾನಿದ್ದೀನಲ್ಲ, ಬುಡು. ನನ್ನ ಬಾಯಿಂದ ಒಂದು ಮಾತು ಆಚೆ ಬರಲ್ಲ.”

ಹಾಗೆಂದಾಗ ನನಗೆ ನನ್ನ ಮೇಲೇ ಎಷ್ಟು ಅಭಿಮಾನ ಬಂತೆಂದರೆ, ಅವಳ ಕಣ್ಣೂ ಕೆಂಪಾಗಿರುವುದು ನನ್ನ ಗಮನಕ್ಕೆ ಬರಲಿಲ್ಲ.

ಅದಾದ ಮೂರನೆಯ ಬೆಳಿಗ್ಗೆ ನೋಡುತ್ತೇನೆ, ಎದುರು ಬಾಗಿಲು ಬೋಳು. ಸೊಸೆಯೂ ಮಲಗಿದಳು ಎಂದು ತಿಳಿಯಿತು. ಮೇಷ್ಟ್ರು ಬರುವ ಹೊತ್ತಾಗಿತ್ತು. ಪೊರಕೆ, ಚೊಂಬು, ರಂಗೋಲಿ ಬಟ್ಟಲು ಹಿಡಿದು ಬೀದಿ ದಾಟಿದೆ. ಗುಡಿಸಿ ನೀರು ಚಿಮುಕಿಸಿ ಎಳೆ ಎಳೆದೆ. ಬಾಗಿಲಲ್ಲೇ ನಿಂತು “ಏನವ್ವಾ?” ಎಂದೆ. ಒಳಗಿನಿಂದ “ಊಂ” ಎಂದು ಕೇಳಿಸಿತು. ಊಂ ಎಂದರೆ ಚೆನ್ನಾಗಿದ್ದಾರೆ ಎಂದು ಅರ್ಥ ಮಾಡಿಕೊಂಡೆ. ರಂಗೋಲಿ ಬಿಡುವಷ್ಟು ಧೈರ್ಯವಿತ್ತು, ಹೊಸಿಲು ದಾಟುವಷ್ಟು ಇರಲಿಲ್ಲ. ನಮ್ಮ ಯಜಮಾನರು ಎದುರು ಮನೆಯ ಕೆಮ್ಮು ಕೇಳಿಸಿಕೊಂಡು ಹಿಂದಿನ ದಿನ “ಆ ಮನೆ ಒಳಗೆ ಹೋದ್ರೆ ಈ ಮನೆಗೆ ಬರ್ಬೇಡ” ಎಂದಿದ್ದರು. ಬೇರೆ ದಿನಗಳಲ್ಲಿ ನಾನು ಅವರ ಮಾತನ್ನು ಅಷ್ಟೇನೂ ಕೇಳಿದವಳಲ್ಲ. ಅವತ್ತು ಕೇಳಿದೆ. ಅನುಕೂಲವಾಗಿತ್ತು.

ಹಾಗೆಂದು ಸುಮ್ಮನಿರಲಿಲ್ಲ. ಒಂದು ತಪ್ಪಲೆಯಲ್ಲಿ ಗಂಜಿ ಮಾಡಿ ಅವರ ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲಿಟ್ಟು, ಚಿಲಕ ಅಲ್ಲಾಡಿಸಿ ಓಡಿಬಂದೆ. ಸಾಯಂಕಾಲ ಹೋಗಿ ನೋಡಿದರೆ ತಪ್ಪಲೆ ನೆಕ್ಕಿದ ಹಾಗೆ ಖಾಲಿ. ಜ್ವರದಲ್ಲೂ ಎಷ್ಟು ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದು ಸಂತೋಷಪಟ್ಟೆ. ಮರುದಿನವೂ ಇಟ್ಟೆ, ಮರುದಿನವೂ ಖಾಲಿ.

ನಾನು ರಂಗೋಲಿ ಬಿಟ್ಟ ಎರಡನೆಯ ದಿನ ಮೇಷ್ಟ್ರು ಎದುರು ಮನೆಯ ಮುಂದೆ ಒಂದು ಗಳಿಗೆ ನಿಂತರು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಅವರು ಗುಮಾಸ್ತರಿಗೆ “ಈ ಮನೇವ್ರು ಚೆನ್ನಾಗಿದ್ದಾರೆ, ನಡೀರಿ” ಎಂದು ಹೊರಟರು. ಸರ್ಕಾರವನ್ನು ಗೆದ್ದೆ ಎಂದು ಹಿಗ್ಗಿದೆ. ಆ ಹಿಗ್ಗಿನಲ್ಲಿ ಮೂರನೆಯ ದಿನ ಎಳೆ, ಚುಕ್ಕಿ ಯಾವುದೂ ಸಾಲದೆ ನವಿಲು ಬರೆದೆ. ಬಾಲಕ್ಕೇ ಅರ್ಧ ಬಟ್ಟಲು ಪುಡಿ ಹಿಡಿಯಿತು. ಮೇಷ್ಟ್ರು ಅದನ್ನು ತುಳಿಯದೆ ಸುತ್ತಿಕೊಂಡು ಹೋದರು.

ಅವರು ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಮೂಲೆಮನೆ ಅಜ್ಜಿ ಕೋಲೂರಿಕೊಂಡು ನಮ್ಮ ಜಗಲಿಗೆ ಬಂದರು.

“ಏನೇ, ಎದುರು ಮನೆಗೆ ನೀನು ರಂಗೋಲಿ ಬುಡ್ತಿದ್ದೀಯಾ?”

“ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಕೋಳಿ ನೋಡ್ದೆ.”

“ಕೋಳಿ ಅಲ್ಲ ಅಜ್ಜಿ, ನವಿಲು.”

“ಆ ಹುಡುಗಿ ಬರೆದಿದ್ರೆ ನವಿಲಾಗಿರೋದು. ಎಲ್ಲಿ ಅವ್ಳು?”

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟವಳು ಕೋಳಿ ಎಂದ ಸಿಟ್ಟಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜಿ ಕೋಲನ್ನು ಜಗಲಿಗೆ ಕುಟ್ಟಿದರು.

“ಯಾರ್ನ ಎಳ್ಕೊಂಡು ಹೋದ್ರೇ? ನಮ್ಮನೆಗೆ ದಿನಾ ಬತ್ತಾರಲ್ಲ, ನಾನು ಇಲ್ಲೇ ಇಲ್ವಾ? ಔಷಧಿ ಬೇಕಾ, ಗಂಜಿ ಬೇಕಾ ಅಂತ ಕೇಳ್ತಾರೆ, ಅಷ್ಟೇ. ಈಗ ಮೇಷ್ಟ್ರು ಏನಂದ್ರು ಗೊತ್ತಾ? ಈ ಬೀದೀಲಿ ಎಲ್ರೂ ಗಟ್ಟಿಮುಟ್ಟಾಗಿದ್ದಾರೆ ಅಜ್ಜಿ, ರಂಗೋಲಿ ನೋಡಿದ್ರೇ ತಿಳಿಯುತ್ತೆ, ನಾಳೆಯಿಂದ ಗಂಜಿನ ಬೇರೆ ಬೀದಿಗೆ ತಗೊಂಡ್ಹೋಗ್ತೀವಿ ಅಂದ್ರು.”

“ಎದುರು ಮನೇವ್ರಿಗೆ ನಾನು ಗಂಜಿ ಇಡ್ತಿದ್ದೀನಲ್ಲ.”

“ಎಲ್ಲಿ, ಹಿತ್ಲು ಮೆಟ್ಲ ಮೇಲಾ?”

“ಹೂಂ.”

“ಅದಕ್ಕೇನೇ ನಮ್ಮ ಬೀದಿ ಕೆಂದನಾಯಿ ಮೂರು ದಿನದಿಂದ ಅಲ್ಲಿಂದ ಎದ್ದಿಲ್ಲ. ಮೈ ಕೈ ತುಂಬ್ಕೊಂಡದೆ.”

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನಗಿಂತ ಮೊದಲು ಆ ಹೊಸಿಲು ದಾಟಿದರು. ನಾನು ಹಿಂದಿನಿಂದ ಹೋದೆ. ಅತ್ತೆ ಚಾಪೆಯ ಮೇಲಿದ್ದಳು. ಸೊಸೆ ಚಾಪೆಗೂ ನೀರಿನ ಕೊಡಕ್ಕೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಕೊಡ ಒಣಗಿತ್ತು. ಇಬ್ಬರ ತುಟಿಯೂ ಸಿಪ್ಪೆ ಎದ್ದಿತ್ತು. ಹುಡುಗಿ ಕಣ್ಣು ಬಿಟ್ಟು “ಅಕ್ಕಾ, ನೀರು” ಎಂದಳು. ಮೂರು ದಿನ ನಾನು ಬಾಗಿಲಲ್ಲಿ ನಿಂತು ಕೇಳಿದ ಊಂ ಅದೇ ಇರಬೇಕು.

ನೀರು ಕುಡಿಸುವ ಕೆಲಸವನ್ನು ಅಜ್ಜಿಗೆ ಬಿಟ್ಟು ಮೇಷ್ಟ್ರ ಹಿಂದೆ ಓಡಿದೆ. ಮದುವೆಯಾದ ಮೇಲೆ ನಾನು ಬೀದಿಯಲ್ಲಿ ಓಡಿದ್ದು ಅದೇ ಮೊದಲು. ತಿರುವಿನಾಚೆ ಸಿಕ್ಕರು.

“ಮೇಷ್ಟ್ರೇ, ಇಬ್ರು ಬಿದ್ದವ್ರೆ, ಬನ್ನಿ.”

“ಯಾವ ಮನೆ ತಾಯಿ?”

“ನವಿಲು ಬರ್ದಿರೋ ಮನೆ.”

ಮೇಷ್ಟ್ರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು “ಅದೇ ಸ್ವಾಮಿ, ಕೋಳಿ” ಎಂದರು.

“ಅಲ್ಲಿ ರಂಗೋಲಿ ಇತ್ತಲ್ಲ? ಯಾರು ಬಿಟ್ಟಿದ್ದು?”

“ಯಾರೋ” ಎಂದೆ. ಬೆರಳುಗಳಲ್ಲಿ ಬಿಳಿ ಪುಡಿ ಇನ್ನೂ ಇತ್ತು. ಸೆರಗಿನೊಳಗೆ ಕೈ ಸೇರಿಸಿಕೊಂಡೆ. ಮೇಷ್ಟ್ರು ನೋಡಿದರು, ಬಂದ ದಾರಿಗೆ ತಿರುಗಿ ಹೊರಟರು. ದಾರಿಯಲ್ಲಿ ನಾನೇ ತಡೆಯಲಾರದೆ ಕೇಳಿದೆ:

“ಅವರ್ನ ಜೋಪಡಿಗೆ ಹಾಕ್ತೀರಾ?”

“ಜೋಪಡಿ ಎಲ್ಲಿದೆ ತಾಯಿ? ನಮಗೆ ಗಂಜಿ ಹೊರೋಕೆ ಒಂದು ಗಾಡಿ ಇಲ್ಲ.”

“ಮತ್ತೆ ಪ್ರತ್ಯೇಕ ಅಂತ ಡಂಗುರ ಹೊಡ್ಸಿದ್ರಲ್ಲ?”

“ಪ್ರತ್ಯೇಕ ಅಂದ್ರೆ ಬೇರೆ ಚಾಪೆ, ಬೇರೆ ಲೋಟ. ಅಷ್ಟೇ.”

ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಬೇರೆ ಚಾಪೆ, ಬೇರೆ ಲೋಟ! ಅದನ್ನು ನಾನು ಹನ್ನೆರಡನೆಯ ವಯಸ್ಸಿನಿಂದ ಪ್ರತಿ ತಿಂಗಳೂ ಮೂರು ದಿನ ಮಾಡುತ್ತಿದ್ದೆ. ಡಂಗುರದವನು ‘ಹೊರಗಾದವರನ್ನು ಕೂರಿಸುವ ಹಾಗೆ ಕೂರಿಸಿ’ ಎಂದಿದ್ದರೆ ಇಡೀ ಮೈಸೂರಿಗೆ ಒಂದೇ ಏಟಿಗೆ ತಿಳಿಯುತ್ತಿತ್ತು. ಆದರೆ ಅದನ್ನು ಬೀದಿಯಲ್ಲಿ ನಿಂತು ಕೂಗುವ ಗಂಡಸು ಎಲ್ಲಿ ಸಿಗಬೇಕು?

ಮೇಷ್ಟ್ರು ತಂದ ಗಂಜಿಯನ್ನು ನಾನೇ ಆ ಅತ್ತೆಗೆ ಕುಡಿಸಿದೆ. ನಾಲ್ಕು ಗುಟುಕು ಇಳಿದ ಮೇಲೆ ಆಕೆಗೆ ಮಾತು ಬಂತು. ಮೊದಲ ಮಾತು “ಉಪ್ಪಿಲ್ಲ.” ಎರಡನೆಯದು ನನಗೆ.

“ದಿನಾ ಬಾಗ್ಲಿಂದ ಕೇಳುಸ್ತಿತ್ತು ಕಣೇ. ಈ ಮನೇವ್ರು ಚೆನ್ನಾಗಿದ್ದಾರೆ ಅಂತ ಹೇಳ್ಕೊಂಡು ಹೋಗೋರು. ಕೂಗ್ಬೇಕು ಅಂದ್ರೆ ಬಾಯಿ ಬರ್ಲಿಲ್ಲ. ಜೋಪಡಿಗಾದ್ರೂ ಹೊತ್ಕೊಂಡು ಹೋಗ್ಲಿ ಅನ್ನಿಸ್ಬುಟ್ಟಿತ್ತು. ಚೆನ್ನಾಗಿದ್ದಾರೆ ಅಂತ ಅವ್ರಿಗೆ ಯಾರು ಹೇಳುದ್ರೋ!”

ನಾನು ಚಮಚ ತುಂಬಿಸಿ ಬಾಯಿಗೆ ಹಿಡಿದೆ. ಮೂಲೆಮನೆ ಅಜ್ಜಿ ಮಾತ್ರ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತ, “ಕೋಳಿ ಹೇಳ್ತು” ಎಂದರು.

ಅವತ್ತು ಮನೆಗೆ ಬಂದು ಯಜಮಾನರಿಗೆ ನಾನು ಆ ಹೊಸಿಲು ದಾಟಿದ್ದನ್ನೂ ಹೇಳಿದೆ. ಅವರು ಹೊರಗೆ ಹಾಕಲಿಲ್ಲ. ನನಗೆ ಬೇರೆ ಚಾಪೆ, ಬೇರೆ ಲೋಟ ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಕೂತಲ್ಲಿಂದ ಇಡೀ ಬೀದಿ ಕಾಣುತ್ತಿತ್ತು. ಎಷ್ಟು ಬಾಗಿಲಲ್ಲಿ ತಾವರೆ, ಎಷ್ಟು ಬಾಗಿಲಲ್ಲಿ ತೇರು, ಬಳ್ಳಿ! ಅವುಗಳಲ್ಲಿ ಎಷ್ಟರ ಹಿಂದೆ ಜನ ಮಲಗಿದ್ದಾರೆ ಎಂದು ನನಗೆ ಗೊತ್ತಿತ್ತು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ನಾಳೆ ಎದುರು ಮನೆಗೆ ಮಾತ್ರ ಗಂಜಿ ತರುತ್ತೇವೆ ಎಂದು ಹೇಳಿ ಹೋಗಿದ್ದರು.

“ಮಿಕ್ಕ ಮನೆಗಳ ವಿಷಯಾನೂ ಹೇಳಿಬುಡ್ಲಾ?” ಎಂದು ಯಜಮಾನರನ್ನು ಕೇಳಿದೆ.

“ಊರ ಬಾಯಿಗೆ ಬೀಳ್ತೀಯ” ಎಂದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಗಂಜಿಯ ಕೊಳಗದ ಜೊತೆ ಬೀದಿಗೆ ಕಾಲಿಡುವಾಗಲೇ ಎದುರಿಗೆ ಹೋಗಿ ನಿಂತೆ. “ರಂಗೋಲಿ ನೋಡ್ಬೇಡಿ ಮೇಷ್ಟ್ರೇ, ನನ್ನ ಕೇಳಿ” ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ, ಎಷ್ಟು ದಿನದಿಂದ, ಯಾವ ಕೋಣೆಯಲ್ಲಿ, ಒಂದೂ ಬಿಡದೆ ಒಪ್ಪಿಸಿದೆ. ಚಾಡಿ ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ಕೈ ಪಳಗಿತ್ತು. ನಾಲ್ಕನೆಯ ಮನೆಯ ಮುಂದೆ ನಿಂತು “ಇಲ್ಲಿ ಮೂರು ಜನ” ಎನ್ನುವಾಗ ಆ ಮನೆಯಾಕೆ ಕಿಟಕಿಯಿಂದ ಕೂಗಿದಳು.

“ನಿನ್ನ ನಾಲ್ಗೆ ಬಿದ್ದೋಗ!”

“ಬೀಳ್ಲಿ ಬುಡಿ. ಮೊದ್ಲು ಪಾತ್ರೆ ತನ್ನಿ” ಎಂದೆ.