ಪೆನ್ನಿಗೆ ಅಂಟಿದ ಹೆಬ್ಬೆರಳು

ಪೆನ್ನು ನೋಡಲು ಬಂದ ಬೆಂಗಳೂರಿನ ಅಂಗಡಿಯವರು ನಮ್ಮ ಯಜಮಾನರ ಹೆಬ್ಬೆರಳನ್ನೂ ಸೇರಿಸಿಯೇ ನೋಡಬೇಕಾಯಿತು. ಎರಡೂ ಅಂಟಿಕೊಂಡಿದ್ದವು.

ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಾಕಿಯೇ ತಲೆ ನರೆತವರು ನಮ್ಮವರು. ಮರದ ಪೆನ್ನಿಗೆ ಸೂಪರ್ ಗ್ಲೂ ಬಳಿದು ಗಾಜಿನಂತೆ ಹೊಳೆಯಿಸಿದರೆ ವರ್ಷವಿಡೀ ಕೆಲಸ ಕೊಡುವುದಾಗಿ ಅಂಗಡಿಯವರು ಹೇಳಿದ್ದರು.

"ಒಣಗೋವರ್ಗೂ ಮುಟ್ಟಬ್ಯಾಡಿ ಅಂತ ವಿಡಿಯೊದಲ್ಲಿ ಹೇಳ್ತಾವ್ರೆ ಕಣ್ರೀ" ಎಂದೆ.

"ಅರಗು ಗೊತ್ತಿರೋನ್ಗೆ ಅಂಟು ಹೇಳ್ಕೊಡ್ತೀಯಾ? ಒಲೆ ಮೇಲೆ ಸಾರೈತೆ, ನೋಡೋಗು" ಎಂದರು.

ಅಂಟು ಬಳಿದು, ಲೇತ್ ನಿಲ್ಲಿಸಿ ಪೆನ್ನು ಬಿಚ್ಚಿಕೊಂಡು, ಅರಗಿಗೆ ಮಾಡುವಂತೆಯೇ ಹೆಬ್ಬೆರಳು ಒತ್ತಿ ನುಣುಪು ನೋಡಿದರು. ಬೆರಳು ಅಲ್ಲೇ ಉಳಿಯಿತು. ಅಷ್ಟರಲ್ಲೇ ಅಂಗಡಿಯವರು ಬಂದು, "ಕೊಡಿ ಸ್ವಾಮಿ, ನೋಡೋಣ" ಎಂದು ಕೈ ಚಾಚಿದರು. ಯಜಮಾನರು ಗಂಭೀರವಾಗಿ ಪೆನ್ನಿನ ಜೊತೆ ತಾವೂ ಹೋದರು.

"ಹೊಳಪೇನೋ ಚೆನ್ನಾಗಿದೆ. ಬೆರಳಿಲ್ಲದ್ದು ಒಂದು ಮಾಡಿಡಿ, ಮುಂದಿನ ವಾರ ಬರ್ತೀನಿ" ಎಂದು ಅವರು ಹೊರಟರು. ಮಗಳ ನೈಲ್ ಪಾಲಿಶ್ ರಿಮೂವರ್ ಸುರಿದು ಬೆರಳು ಬಿಡಿಸಿದವಳು ನಾನು.

ಕೆಲಸ ಸಿಕ್ಕಿತು. ಈಗ ಅಂಟು ಒಣಗಿದೆಯೇ ಎಂದು ಮುಟ್ಟಿ ನೋಡುವುದು ಮಾತ್ರ ನನ್ನ ಪಾಲು. ಅವರದು ಕಸುಬುದಾರನ ಬೆರಳಂತೆ. ನನ್ನದು ಮುದ್ದೆ ಕಟ್ಟುವ ಬೆರಳು ತಾನೇ, ಅಂಟಿಕೊಂಡರೆ ಯಾರಿಗೇನು ನಷ್ಟ?