ಎಂಟು ಜಿಬಿ ನಾಲ್ಕಾದ ವಿಚಾರ

ನಮ್ಮ ಮನೆಯ ಕಂಪ್ಯೂಟರಿನ ಕಥೆಯನ್ನು ಅಪ್ಪ ಯಾರಿಗೆ ಹೇಳಿದರೂ ಎರಡೇ ವಾಕ್ಯದಲ್ಲಿ ಮುಗಿಸುತ್ತಾರೆ. “ನಮ್ಮ ಮಗಳು ರಾಜಾಜಿನಗರದಿಂದ ಯಾರೋ ಬಳಸಿ ಬಿಟ್ಟ ರ‍್ಯಾಮ್ ತಂದು ಹಾಕಿಸಿದ್ಲು. ಅಂಗಡಿಯೋನು ಚೆನ್ನಾಗಿ ಟೋಪಿ ಹಾಕ್ದ.” ಕೇಳಿದವರು ನನ್ನ ಕಡೆ ನೋಡಿ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸುತ್ತಾರೆ. ಟೋಪಿ ಹಾಕಿಸಿಕೊಂಡವಳು ಎನ್ನಲಾದ ನನ್ನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ನಾನು ಹೇಳುವುದು ಇಷ್ಟೆ: ಆ ಅಂಗಡಿಯವನ ಮೇಲೆ ನನಗೂ ನಂಬಿಕೆಯಿಲ್ಲ, ಆದರೆ ಈ ಆರೋಪ ಅವನ ಮೇಲೆ ನಿಲ್ಲುವುದಿಲ್ಲ. ಕಾಲೇಜಿನಲ್ಲಿದ್ದಾಗ ಚರ್ಚಾ ಸ್ಪರ್ಧೆಗಳಿಗೆ ತಿರುಗಾಡಿದವಳು ನಾನು. ಎಲ್ಲರೂ ತಕ್ಷಣ ಒಪ್ಪಿಕೊಂಡುಬಿಡುವ ವಾದ ಕಂಡರೆ, ಇದರಿಂದ ಯಾರಿಗೆ ಅನುಕೂಲ ಎಂದು ಹುಡುಕುವುದು ಅಲ್ಲಿಂದ ಬಂದ ಚಾಳಿ.

ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ, ಊಟದ ಟೇಬಲ್ಲಿಗೆ ತಾಗಿಕೊಂಡಂತೆ, ಅಮ್ಮನ ಡಿಟಿಪಿ ಕೆಲಸ ನಡೆಯುತ್ತದೆ. ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ. ನಾನು ಶಾಲೆಗೆ ಸೇರುವ ಮೊದಲಿನಿಂದ ಅವಳು ಇದನ್ನು ಮಾಡುತ್ತಿದ್ದಾಳೆ. ಅವಳ ಕೈಗೆ ಒಗ್ಗಿರುವ ಸಾಫ್ಟ್‌ವೇರು ಹಳೆಯದು, ಫಾಂಟುಗಳು ಇನ್ನೂ ಹಳೆಯವು. ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ದೆ. ಒತ್ತಕ್ಷರಗಳೆಲ್ಲ ತಮ್ಮ ಜಾಗ ಬಿಟ್ಟು ಪಕ್ಕದ ಪದದ ಮನೆಗೆ ನುಗ್ಗಿದವು. ಹಾಗಾಗಿ ಅಮ್ಮನ ಕೆಲಸ ಉಳಿಯಬೇಕಾದರೆ ಆ ಹಳೆಯ ಡೆಸ್ಕ್‌ಟಾಪೂ ಉಳಿಯಬೇಕಿತ್ತು.

ಅದೋ, ದಿನದಿನಕ್ಕೆ ನಿಧಾನವಾಗುತ್ತಿತ್ತು. ಬ್ಯಾಡರಹಳ್ಳಿಯಿಂದ ಮಗನ ಮದುವೆ ಕಾರ್ಡು ಮಾಡಿಸಲು ಒಬ್ಬರು ಬಂದಿದ್ದರು. ಮೇಲ್ಗಡೆ ಹಾಕುವ ಗಣಪತಿಯ ಚಿತ್ರ ತೆರೆದುಕೊಳ್ಳುವಷ್ಟರಲ್ಲಿ ಅವರು ಕಾಫಿ ಕುಡಿದು, ಪೇಪರ್ ಓದಿ, ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟುಗಳನ್ನೂ ಓದಿ ಮುಗಿಸಿದರು. ಗಣಪತಿಗೆ ಆಗ ಸೊಂಡಿಲು ಮಾತ್ರ ಬಂದಿತ್ತು.

“ವಿಜಯನಗರದಲ್ಲಿ ಕೂತಲ್ಲೇ ಪ್ರೂಫ್ ಕೊಡ್ತಾರಂತೆ ಮೇಡಂ,” ಎಂದು ಎದ್ದು ಹೋದರು.

“ಹೋಗ್ಲಿ ಬಿಡೆ,” ಎಂದಳು ಅಮ್ಮ ನನಗೆ. ಅದು ಸೋತವಳ ಮಾತು ಎಂದುಕೊಂಡೆ. ಹೀಗೇ ಒಬ್ಬೊಬ್ಬರಾಗಿ ಎದ್ದು ಹೋದರೆ ಅಮ್ಮನ ಕೆಲಸ ನಿಂತೇಹೋಗುತ್ತದೆ, ಅದು ನಿಲ್ಲಬಾರದು ಎಂದು ನಾನು ಹಟ ಹಿಡಿದೆ.

ವೇಗ ಹೆಚ್ಚಬೇಕಾದರೆ ಮೆಮೊರಿ, ಅಂದರೆ ರ‍್ಯಾಮ್, ಹೆಚ್ಚಿಸಬೇಕು. ಆದರೆ ಆ ಮಷೀನಿಗೆ ಹೊಂದುವ ರ‍್ಯಾಮ್ ಹೊಸದಾಗಿ ಸಿಗುವುದು ಕಷ್ಟ. ಇರುವ ನಾಲ್ಕು ಜಿಬಿಯ ಪಕ್ಕಕ್ಕೆ ಇನ್ನೊಂದು ನಾಲ್ಕನ್ನು, ರಿಫರ್ಬಿಶ್ಡ್ ಎನ್ನುತ್ತಾರಲ್ಲ ಅಂಥದ್ದನ್ನು, ಹಾಕಿಸುವುದೊಂದೇ ದಾರಿ. ಕ್ಯಾಬಿನೆಟ್ಟನ್ನು ಸ್ಕೂಟರಿನಲ್ಲಿ ಕಾಲಡಿ ಇಟ್ಟುಕೊಂಡು ರಾಜಾಜಿನಗರದ ಒಂದು ಅಂಗಡಿಗೆ ಹೋದೆ. ಮಹಡಿ ಮೇಲಿನ ಇಕ್ಕಟ್ಟಿನ ಕೋಣೆ. ಅಂಗಡಿಯಾತ ಕನ್ನಡಕವನ್ನು ಹಣೆಗೇರಿಸಿಕೊಂಡು ರ‍್ಯಾಮೊಂದನ್ನು ಮುಂದಿಟ್ಟ. ಅಂಗೈಯುದ್ದದ ಹಸಿರು ಪಟ್ಟಿ. ಅದರ ಮೇಲಿನ ಸ್ಟಿಕರಿನ ಒಂದು ಮೂಲೆ ಎದ್ದಿತ್ತು.

“ರಿಫರ್ಬಿಶ್ಡ್ ಅಂದ್ರೆ ಏನಣ್ಣ? ಇದ್ರಲ್ಲಿ ಏನ್ ರಿಪೇರಿ ಮಾಡಿದೀರ?”

“ರ‍್ಯಾಮಲ್ಲಿ ರಿಪೇರಿ ಮಾಡೋಕೆ ಏನಿದೆ ಮೇಡಂ? ಕ್ಲೀನ್ ಮಾಡಿದೀವಿ, ಟೆಸ್ಟ್ ಮಾಡಿದೀವಿ.”

“ಹಂಗಾದ್ರೆ ಸೆಕೆಂಡ್ ಹ್ಯಾಂಡ್ ಅನ್ನಿ.”

“ಸೆಕೆಂಡ್ ಹ್ಯಾಂಡ್ ಅಂದ್ರೆ ನೀವು ಮೆಟ್ಲೇ ಹತ್ತಲ್ಲ. ರಿಫರ್ಬಿಶ್ಡ್ ಅಂದಿದ್ದಕ್ಕೆ ತಾನೆ ಕ್ಯಾಬಿನೆಟ್ ಹೊತ್ಕೊಂಡ್ ಬಂದಿದ್ದು?”

ಹಾಗೆನ್ನುತ್ತಲೇ ಆತ ಡ್ರಾಯರಿನಿಂದ ಶಾಲೆ ಮಕ್ಕಳ ರಬ್ಬರೊಂದನ್ನು ತೆಗೆದು, ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಉಜ್ಜತೊಡಗಿದ.

“ಇದೇನಾ ಕ್ಲೀನ್ ಮಾಡೋದು ಅಂದ್ರೆ?”

“ಇದೂ ಒಂದು.”

“ಟೆಸ್ಟ್ ಮಾಡೋದೂ ಹಿಂಗೇನಾ?”

“ನಿಮ್ಮ ಥರದವ್ರು ದಿನಕ್ಕೊಬ್ರು ಬಂದ್ರೆ ಸಾಕು ಮೇಡಂ, ನಾವೇ ಟೆಸ್ಟ್ ಆಗ್ಬಿಡ್ತೀವಿ.”

ನಾನು ಬಿಡಲಿಲ್ಲ. ಬೇರೆ ರ‍್ಯಾಮ್ ಕೊಟ್ಟು ಇದೇ ಎಂದುಬಿಟ್ಟಾನು ಎಂದು ಅದರ ನಂಬರನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಆತ ಅದನ್ನು ಖಾಲಿ ಸ್ಲಾಟಿನಲ್ಲಿ ಕೂರಿಸಿ ಎರಡೂ ತುದಿ ಒತ್ತಿದಾಗ, ಅಲ್ಲಿನ ಪುಟ್ಟ ಕ್ಲಿಪ್ಪುಗಳು ಟಕ್ಕೆಂದು ಮುಚ್ಚಿಕೊಂಡು ರ‍್ಯಾಮನ್ನು ಕಚ್ಚಿಹಿಡಿದವು. ಆ ಸದ್ದನ್ನೂ ಕಿವಿಯಿಟ್ಟು ಕೇಳಿದೆ. ಮನೆಗೆ ತಂದು ಆನ್ ಮಾಡಿದರೆ ಪರದೆ ಎಂಟು ಜಿಬಿ ಎಂದಿತು.

ಗಣಪತಿ ಈಗ ಕ್ಲಿಕ್ ಮಾಡಿದೊಡನೆ ಸೊಂಡಿಲು, ಹೊಟ್ಟೆ, ಮೋದಕ ಸಮೇತ ಪ್ರತ್ಯಕ್ಷನಾಗುತ್ತಿದ್ದ. ಅಮ್ಮನ ಕುರ್ಚಿಯ ಹಿಂದೆ ನಿಂತು ನೋಡಿದ ಅಪ್ಪ, ಮಾರನೆಯ ದಿನವೇ ಬಡಾವಣೆಯ ಸಂಘದ ರಾಜ್ಯೋತ್ಸವ ಸಂಚಿಕೆಯನ್ನು ಪೂರ್ತಿ ಅಮ್ಮನೇ ಮಾಡಿಕೊಡುತ್ತಾಳೆಂದು ಒಪ್ಪಿಕೊಂಡು ಬಂದರು. ಲೇಖನ, ಕವನ, ಜಾಹೀರಾತು, ಎಲ್ಲ ಸೇರಿ ದಪ್ಪನೆಯ ಪುಸ್ತಕ.

“ನನ್ನ ಒಂದ್ ಮಾತು ಕೇಳಿದ್ರಾ?” ಎಂದಳು ಅಮ್ಮ.

“ಕೇಳೋದೇನಿದೆ? ಮಷೀನ್ ಹಾರ್ತಾ ಇದೆಯಲ್ಲ,” ಎಂದರು ಅಪ್ಪ. ನಾನೂ ಹೌದೆಂದೆ. ನಮ್ಮಿಬ್ಬರ ನಡುವೆ ಒಮ್ಮತ ಮೂಡುವುದು ಅಪರೂಪ.

ಆಮೇಲೆ ಅಮ್ಮ ಕುರ್ಚಿ ಬಿಟ್ಟು ಏಳುವುದೇ ಕಡಿಮೆಯಾಯಿತು. ಒಂದು ಮಧ್ಯಾಹ್ನ ಕುತ್ತಿಗೆ ನೀವಿಕೊಳ್ಳುತ್ತಾ, “ಮೊದ್ಲಾದ್ರೆ ಒಂದು ಪೇಜ್ ಓಪನ್ ಆಗೋಷ್ಟರಲ್ಲಿ ಎದುರು ಮನೆಯೋಳ ಹತ್ರ ನಾಲ್ಕು ಮಾತಾಡ್ಕೊಂಡು ಬರ್ತಿದ್ದೆ. ಇದು ಏಳೋಕೇ ಬಿಡಲ್ಲ ಕಣೇ,” ಎಂದಳು. ನಾನು ತಂದ ರ‍್ಯಾಮಿಗೆ ಸಿಕ್ಕ ಹೊಗಳಿಕೆ ಅದು ಎಂದೇ ತಿಳಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅಪ್ಪನ ಸ್ಕೂಟರಿಗೆ, ಮಿಕ್ಸಿಗೆ, ಕತ್ತರಿಗೆ ಹೊರಗಿನಿಂದಲೇ ಅರಿಶಿನ ಕುಂಕುಮ. ಕಂಪ್ಯೂಟರಿಗೆ ಮಾತ್ರ ಒಳಗಿನ ಪೂಜೆ. ಅಮ್ಮ ಪ್ರತಿವರ್ಷ ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆಯುತ್ತಾಳೆ, ಅದಕ್ಕೆಂದೇ ಇಟ್ಟಿರುವ ಬಣ್ಣ ಬಳಿಯುವ ಬ್ರಷ್‌ನಿಂದ ಧೂಳು ಗುಡಿಸುತ್ತಾಳೆ, ಒಳಗಿನ ಕಬ್ಬಿಣದ ಚೌಕಟ್ಟಿಗೆ ಕುಂಕುಮ ಇಟ್ಟು ಮುಚ್ಚುತ್ತಾಳೆ. ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅಪ್ಪನೂ ನಾನೂ ಅದನ್ನು ಭಕ್ತಿಯ ಲೆಕ್ಕಕ್ಕೆ ಸೇರಿಸಿದ್ದೆವು. ವರ್ಷವರ್ಷವೂ ಆ ಪೆಟ್ಟಿಗೆಯ ಒಳಗನ್ನು ನೋಡುತ್ತಾ ಬಂದವಳು ಮನೆಯಲ್ಲಿ ಅವಳೊಬ್ಬಳೇ ಎಂಬುದು ನಮಗೆ ಹೊಳೆದಿರಲಿಲ್ಲ.

ವಿಜಯದಶಮಿಯ ದಿನ ಆನ್ ಮಾಡಿದರೆ ಮಷೀನು ಮತ್ತೆ ತೆವಳುತ್ತಿತ್ತು. ನೋಡಿದೆ, ಪರದೆ ನಾಲ್ಕು ಜಿಬಿ ಎಂದು ತೋರಿಸಿತು.

“ಹೋಯ್ತಾ?” ಎಂದರು ಅಪ್ಪ.

“ಹೋಯ್ತು ಕಣ್ರೀ. ಸೆಕೆಂಡ್ ಹ್ಯಾಂಡ್ ಅಲ್ವಾ, ಅವ್ನು ಟೋಪಿ ಹಾಕಿರ್ತಾನೆ,” ಎಂದಳು ಅಮ್ಮ.

ಇವತ್ತು ಅಪ್ಪ ಊರಿಗೆಲ್ಲ ಹೇಳುವ ವಾಕ್ಯ ಹುಟ್ಟಿದ್ದು ಅಲ್ಲಿ, ಅಮ್ಮನ ಬಾಯಲ್ಲಿ. ಕೊಟ್ಟ ಮಾತು ತಪ್ಪಿತಲ್ಲ ಎಂದು ಅಪ್ಪ ಸಂಘದವರಿಗೆ ಫೋನ್ ಮಾಡಿ ಬೇಡಿಕೊಂಡು, ಸಂಜೆಯೊಳಗೆ ಸಂಚಿಕೆಯನ್ನು ವಿಜಯನಗರದ ಡಿಟಿಪಿ ಸೆಂಟರಿಗೆ ದಾಟಿಸಿದರು. ನಾನು ತಗಡು ತೆಗೆದು ನೋಡಿದೆ. ಹೊಸದಾಗಿ ಹಾಕಿಸಿದ ರ‍್ಯಾಮಿನ ಒಂದು ತುದಿಯ ಕ್ಲಿಪ್ಪು ಹೊರಗೆ ವಾಲಿತ್ತು. ಆ ಕಡೆ ರ‍್ಯಾಮ್ ಕೂದಲೆಳೆಯಷ್ಟು ಮೇಲೆದ್ದಿತ್ತು. ಸರಿಯಾಗಿ ಕೂರಿಸಿಯೇ ಇಲ್ಲ, ಕಳ್ಳ, ಎಂದುಕೊಂಡು ಅದನ್ನು ಕಿತ್ತು, ಮರುದಿನ ರಾಜಾಜಿನಗರದ ಮೆಟ್ಟಿಲು ಹತ್ತಿದೆ.

ಅಂಗಡಿಯಾತ ಅದನ್ನು ತನ್ನ ಮಷೀನಿಗೆ ಹಾಕಿ ಟೆಸ್ಟ್ ಬಿಟ್ಟ. ಟೆಸ್ಟ್ ಮುಗಿಯುವವರೆಗೂ ನಾನು ಸ್ಟೂಲಿನ ಮೇಲಿಂದ ಏಳಲಿಲ್ಲ. ಒಂದೂ ತಪ್ಪು ತೋರಿಸಲಿಲ್ಲ. ಆತ ಟೇಬಲ್ಲಿನ ಕೆಳಗೆ ಬಗ್ಗಿದಾಗ ಬದಲಾಯಿಸಿರಬಹುದೇ ಎಂದು ಫೋನಿನಲ್ಲಿದ್ದ ಹಳೆಯ ಫೋಟೋ ತೆರೆದು ನಂಬರು ಹೋಲಿಸಿದೆ. ಅದೇ ನಂಬರು.

“ಸ್ಟಿಕರ್ ಕಿತ್ತು ಬೇರೆದಕ್ಕೆ ಅಂಟಿಸ್ಬಹುದಲ್ಲ?”

“ಅಷ್ಟು ಕೈಚಳಕ ಇದ್ದಿದ್ರೆ ನಾನು ನೋಟ್ ಪ್ರಿಂಟ್ ಮಾಡ್ತಿದ್ದೆ ಮೇಡಂ, ರ‍್ಯಾಮ್ ಮಾರ್ತಿರ್ಲಿಲ್ಲ. ನಿಮ್ಮನೇಲಿ ಯಾರು ಒಳಗೆ ಕೈ ಹಾಕಿದ್ರು, ಅದ್ ಹೇಳಿ.”

“ಯಾರೂ ಇಲ್ಲ. ಪೂಜೆ ಮಾಡಿದ್ವಿ, ಅಷ್ಟೆ.”

“ಒಳಗಡೆನಾ?”

ಹೌದೆಂದು ತಲೆಯಾಡಿಸಿದೆ.

“ಕ್ಲಿಪ್ ತಾನಾಗಿ ಬಿಚ್ಕೊಳಲ್ಲ. ಬೆರಳಲ್ಲಿ ಹೊರಗಡೆಗೆ ಒತ್ತಬೇಕು. ಇಲ್ಲಾಂದ್ರೆ ಏನಾದ್ರೂ ಗಟ್ಟಿಯಾಗಿ ತಾಗಿರ್ಬೇಕು,” ಎಂದು ರ‍್ಯಾಮನ್ನು ಕವರಿಗೆ ಹಾಕಿ ಕೊಟ್ಟ. ಮೂಲೆ ಎದ್ದ ಆ ಸ್ಟಿಕರಿನ ಬಗ್ಗೆ ನನ್ನ ಅನುಮಾನ ಈಗಲೂ ಹೋಗಿಲ್ಲ. ಆದರೆ ಕ್ಲಿಪ್ಪಿನ ಬಗ್ಗೆ ಆತ ಹೇಳಿದ್ದನ್ನು ಯಾವ ಕಡೆಯಿಂದಲೂ ಬೀಳಿಸಲು ನನ್ನಿಂದಾಗಲಿಲ್ಲ.

ಮನೆಗೆ ಬಂದು, ಕ್ಯಾಬಿನೆಟ್ಟನ್ನು ಮಲಗಿಸಿ, ಎರಡು ಹೆಬ್ಬೆರಳಿಂದ ಒತ್ತಿ ಕೂರಿಸಿದೆ. ಮತ್ತೆ ಎಂಟು. ಅಪ್ಪನಿಗೆ ತೋರಿಸಿದರೆ, “ನಿನ್ ಬಾಯಿಗೆ ಹೆದರಿ ಬೇರೆ ಒಳ್ಳೇದು ಕೊಟ್ಟಿರ್ತಾನೆ ಬಿಡು,” ಎಂದರು. ಫೋಟೋ ಮುಂದೆ ಹಿಡಿದೆ. ಅವರು ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಹೋದರು.

ಅಪ್ಪನೇ ಬಿಚ್ಚಿರಬಹುದೇ? ಇಲ್ಲ. ಸಂಘದ ಮುಂದೆ ತಲೆ ತಗ್ಗಿಸಿದ್ದು ಅವರು. ಉಳಿದದ್ದು ಅಮ್ಮನ ಬ್ರಷ್ಷು. ಅದನ್ನು ತಂದು, ಮಷೀನ್ ಆಫ್ ಮಾಡಿ, ಅವಳು ಗುಡಿಸುವ ಹಾಗೆಯೇ ಆ ಕ್ಲಿಪ್ಪಿನ ಮೇಲೆ ಆಡಿಸಿದೆ. ಕೂದಲು ಮಡಿಚಿಕೊಂಡವೇ ಹೊರತು ಕ್ಲಿಪ್ಪು ಅಲುಗಲಿಲ್ಲ. ಬ್ರಷ್ಷನ್ನು ತಿರುಗಿಸಿ ಮರದ ಹಿಡಿಯಿಂದ ತಳ್ಳಿದೆ. ಮೊದಲು ಜಾರಿತು, ಮತ್ತೆ ತಳ್ಳಿದಾಗ ಬಿಚ್ಚಿಕೊಂಡಿತು. ಅಂದರೆ ಕೈತಪ್ಪಿ ಆಗಿರಲೂಬಹುದು. ಹಾಗಾದರೆ ನನ್ನ ವಾದ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಸಂಚಿಕೆ ಕೈಬಿಟ್ಟ ಮೇಲಿನ ಅಮ್ಮನನ್ನು ನಾನು ನೋಡುತ್ತಿದ್ದೆ. ಮಧ್ಯಾಹ್ನ ಒಂದು ನಿದ್ದೆ ಮಾಡುತ್ತಾಳೆ. ಸಂಜೆ ಎದುರು ಮನೆಯವರ ಜೊತೆ ಪಾರ್ಕಿಗೆ ಹೋಗಿ ನಗುತ್ತಾ ಬರುತ್ತಾಳೆ. ಕುತ್ತಿಗೆ ನೀವಿಕೊಳ್ಳುವುದು ನಿಂತಿದೆ. ಅವಳು ಬೇಕೆಂದೇ ಬಿಚ್ಚಿದ್ದಾದರೆ, ಅವಳಿಗಾಗಿ ಉಳಿಸುತ್ತೇನೆಂದು ನಾನು ಹೊರಟದ್ದು ಅವಳಿಗೇ ಸಾಕಾಗಿದ್ದ ಕೆಲಸವನ್ನು. ಅದನ್ನು ನಾನು ಒಂದು ಸಲವೂ ಅವಳನ್ನು ಕೇಳಿರಲಿಲ್ಲ. ಬೇಕೆಂದು ಬಿಚ್ಚಿಲ್ಲವಾದರೆ, ಅಷ್ಟು ದೊಡ್ಡ ಕೆಲಸ ಕೈತಪ್ಪಿದ್ದಕ್ಕೆ ಅವಳಿಗೆ ಬೇಸರವಾಗಿರಲೇಬೇಕು. ಅದನ್ನು ಅವಳು ನಮಗೆ ಕಾಣದಂತೆ ಇಟ್ಟಿದ್ದಾಳೆ. ಎರಡರಲ್ಲಿ ಒಂದು. ಮೂರನೆಯದು ನನಗೆ ಕಾಣುವುದಿಲ್ಲ.

ಹೋದ ಭಾನುವಾರ ಅಪ್ಪ ಮನೆಗೆ ಬಂದ ನೆಂಟರಿಗೆ ಮತ್ತೆ ಟೋಪಿಯ ಕಥೆ ಹೇಳಿದರು. ಅಮ್ಮ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಾ, ಹೌದು ಹೌದೆಂದು ತಲೆಯಾಡಿಸಿದಳು. ಅವರೆಲ್ಲ ಹೋಗಿ, ಅಪ್ಪ ಅವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲು ಹೊರಟ ಮೇಲೆ, ನಾನು ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ. ಒಂದು ಕಂತೆ ಕೈಗೆತ್ತಿಕೊಂಡು ಬಿಡಿಸತೊಡಗಿದೆ. ಅವಳು ತಲೆಯೆತ್ತಲಿಲ್ಲ.

“ಅಮ್ಮಾ, ಆ ಕ್ಲಿಪ್ಪು ಬ್ರಷ್ ತಾಗಿ ಬಿಚ್ಕೊಳ್ತೋ, ನೀನೇ ಬಿಚ್ಚಿದ್ಯೋ?”