ಹೊಸ್ತಿಲು ದಾಟಿದ್ದೇ ತಪ್ಪಾಯಿತು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬೀಗ ರಿಪೇರಿಯವರು. ಕೀಲಿಕೈ ಕಳೆದುಕೊಂಡವರ ಮನೆ ಬಾಗಿಲು ತೆಗೆದುಕೊಡುವುದೂ ಅವರ ಕೆಲಸವೇ. ಬೀಗ ಬಿಚ್ಚಿಕೊಂಡ ಕೂಡಲೇ ಬಾಗಿಲಿಗೆ ಬೆನ್ನು ಹಾಕಿ, ಬೀದಿ ನೋಡುತ್ತ ನಿಂತುಬಿಡುತ್ತಿದ್ದರು. ಮನೆಯವರು ಎಷ್ಟೇ ಕರೆಯಲಿ, ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

"ಒಳ್ಳೇ ಮದುಮಗಳ ಹಾಗೆ ನಾಚ್ಕೋತೀರಲ್ಲ ಭಾವ" ಎಂದು ನಾನು ರೇಗಿಸುತ್ತಿದ್ದೆ.

"ಎಲ್ಲರ ಬೀಗ ತೆಗೆಯೋ ಕೈ ಕಣಮ್ಮ ಇದು. ಹೆಸರು ಹೋಯ್ತು ಅಂದ್ರೆ ನನಗೂ ಕಳ್ಳನಿಗೂ ಏನು ವ್ಯತ್ಯಾಸ?" ಎನ್ನುತ್ತಿದ್ದರು.

ಒಂದು ದಿನ ಮೂಲೆಮನೆಯ ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದಿದ್ದಾರೆ, ಗಾಳಿಗೆ ಬಾಗಿಲು ಹಾಕಿಕೊಂಡುಬಿಟ್ಟಿದೆ. ಭಾವ ಓಡಿಹೋಗಿ ಬೀಗ ತೆಗೆದರೆ ಒಳಗೆಲ್ಲ ಹೊಗೆ. ಅಜ್ಜಿಗೋ ಮಂಡಿನೋವು, ಅವರು ಹೆಜ್ಜೆ ಎತ್ತಿಡುವಷ್ಟರಲ್ಲಿ ಮನೆಯೇ ಹೊತ್ತಿಕೊಳ್ಳುತ್ತಿತ್ತು. ಭಾವನೇ ನುಗ್ಗಿ ಒಲೆ ಆರಿಸಿ, ಕಿಟಕಿ ತೆರೆದು ಬಂದರು. ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ?

ಸ್ವಲ್ಪ ದಿನಕ್ಕೆ ಅಜ್ಜಿಯ ಚಿನ್ನದ ಸರ ಕಾಣೆಯಾಯಿತು. ಅವರು ಯಾರನ್ನೂ ದೂರಲಿಲ್ಲ. ಮನೆಯೊಳಗೆ ಯಾರು ಬಂದಿದ್ದರು ಎಂದು ಪಕ್ಕದವರು ಕೇಳಿದ್ದಕ್ಕೆ, "ಬೀಗದವರು ಬಿಟ್ರೆ ಇನ್ಯಾರೂ ಬಂದಿಲ್ಲಪ್ಪ" ಎಂದರು. ಇದ್ದದ್ದನ್ನೇ ಹೇಳಿದರು, ಪಾಪ. ಬೀದಿಯವರಿಗೆ ಅಷ್ಟೇ ಸಾಕಾಯಿತು! ಎದುರಿಗೆ ಒಬ್ಬರೂ ಏನೂ ಅನ್ನಲಿಲ್ಲ, ಕರೆಯುವುದನ್ನು ನಿಲ್ಲಿಸಿದರು. ಭಾವ ಹಾಕಿಕೊಟ್ಟಿದ್ದ ಬೀಗಗಳನ್ನೂ ಬೇರೆಯವರ ಕೈಲಿ ಬದಲಾಯಿಸಿಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಭಾವ ಮಾತ್ರ ದಿನಾ ಅಂಗಡಿ ತೆರೆದು, ತುಕ್ಕು ಹಿಡಿದ ಹಳೇ ಬೀಗಗಳಿಗೆ ಎಣ್ಣೆ ಬಿಡುತ್ತ ಕೂರುತ್ತಿದ್ದರು. "ಯಾರು ಏನಾದ್ರೂ ಅಂದ್ಕೊಳ್ಳಲಿ ಬಿಡಮ್ಮ, ನನ್ನ ಹೆಂಡತಿಗೆ ಗೊತ್ತಲ್ಲ ನಾನೇನು ಅಂತ" ಎನ್ನುತ್ತಿದ್ದರು.

ಚಳಿ ಶುರುವಾದಾಗ ಸರ ಸಿಕ್ಕಿತು, ಅಜ್ಜಿಯದೇ ಕೋಟಿನ ಒಳಜೇಬಿನಲ್ಲಿ. ಅಜ್ಜಿ ಕುಂಟುತ್ತ ಮನೆಮನೆಗೂ ಹೋಗಿ ಹೇಳಿದರು. "ಅಜ್ಜಿದು ದೊಡ್ಡ ಮನಸ್ಸು, ಅವನ ಮಾನ ಉಳಿಸೋಕೆ ಹೀಗೆ ಹೇಳ್ತಿದಾರೆ" ಎಂದಿತು ಬೀದಿ. ಇಂಥವರಿಗೆ ಏನು ಹೇಳೋಣ!

ಕೊನೆಗೆ ಅಜ್ಜಿ ಭಾವನ ಮನೆಗೇ ಬಂದು, ಸರ ತೋರಿಸಿ ಅತ್ತರು. ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ಭಾವನೇ ಅವರನ್ನು ಸಮಾಧಾನ ಮಾಡಿ ಕಳಿಸಿದರು.

ಅಜ್ಜಿ ಅತ್ತ ಹೋದದ್ದೇ ತಡ, ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಬ್ಬ, ಸದ್ಯ! ನೀವು ತಗೊಂಡಿರಲಿಲ್ಲ" ಎಂದುಬಿಟ್ಟಳು.

ಭಾವ ತಟ್ಟೆಯಿಂದ ತಲೆ ಎತ್ತಿದರು. "ಇಷ್ಟು ದಿನ ನಿನಗೂ ಅನುಮಾನ ಇತ್ತೇನೇ?"

"ಇಲ್ಲ ಅನ್ನೇ ಅಕ್ಕ, ಇಲ್ಲ ಅನ್ನೇ" ಎಂದು ನಾನು ಅವಳ ತೋಳು ಹಿಡಿದು ಅಲುಗಿಸಿದೆ. ಅವಳು ಅಳುವುದಕ್ಕೆ ಶುರುಮಾಡಿದಳು.

ಭಾವ ಎದ್ದು ಕೈತೊಳೆದುಕೊಂಡರು. ಬೀದಿಯ ಮಾತನ್ನೆಲ್ಲ ತಡೆದುಕೊಂಡಿದ್ದ ಮನುಷ್ಯ ಮರುದಿನ ಅಂಗಡಿ ತೆರೆಯಲಿಲ್ಲ, ಆಮೇಲೆ ಎಂದೂ ತೆರೆಯಲಿಲ್ಲ.